ಹದಿನೇಳು ಬೋಲ್ಟುಗಳು

ಇಂಜಿನ್ನಿಗೆ ಶಕ್ತಿ ಬರುವುದು ಪೆಟ್ರೋಲಿನಿಂದ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಬಂಕಿನಲ್ಲಿ ದುಡ್ಡು ಕೊಡುವುದು ಅದಕ್ಕೇ ಆದ್ದರಿಂದ ಹಾಗನ್ನಿಸುವುದು ಸಹಜ. ಆದರೆ ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಅಷ್ಟು ಗಾಳಿಯನ್ನು ಒಳಗೆ ತರುವುದೇ ಕಷ್ಟ.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ಹಳೆಯ ಕಾರುಗಳಲ್ಲಿ ಬಹಳ ಪ್ರಸಿದ್ಧವಾದ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ-8 ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರ್ ಗಾಳಿ ಎಳೆದುಕೊಳ್ಳುತ್ತದೆ. ಪೂರ್ತಿ ತುಂಬಿಕೊಂಡರೆ ನಿಮಿಷಕ್ಕೆ 17,000 ಲೀಟರಿಗೂ ಹೆಚ್ಚು ಗಾಳಿ. ಪಿಸ್ಟನ್ ಮೇಲಿನಿಂದ ಕೆಳಕ್ಕಿಳಿದು ಗಾಳಿ ಎಳೆಯಲು ಸಿಗುವ ಸಮಯ ಬರೀ 5 ಮಿಲಿಸೆಕೆಂಡ್. ನಾವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಅಂಥ ಇಪ್ಪತ್ತು ಉಸಿರು ಮುಗಿದಿರುತ್ತವೆ.

ಆ ಗಾಳಿಯ ದಾರಿ ಇರುವುದು ಸಿಲಿಂಡರ್ ಹೆಡ್ಡಿನಲ್ಲಿ. 'ಹೆಡ್ ಇಳಿಸಬೇಕು ಸಾರ್' ಎಂದು ಮೆಕ್ಯಾನಿಕ್ ಹೇಳಿದಾಗ ನಮ್ಮ ಎದೆ ಧಸಕ್ಕೆನ್ನುತ್ತದಲ್ಲ, ಅದೇ ಹೆಡ್. ಇಂಜಿನ್ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಲೋಹದ ಗಟ್ಟಿ. ಅದರೊಳಗೆ ಗಾಳಿ ಬರುವ, ಹೊಗೆ ಹೋಗುವ ಸುರಂಗಗಳಿವೆ. ಅವಕ್ಕೆ ಪೋರ್ಟ್ ಎಂದು ಹೆಸರು. ಪ್ರತಿ ಸುರಂಗದ ಕೊನೆಯಲ್ಲಿ ಒಂದು ವಾಲ್ವ್. ಅಮೆರಿಕದ ಮಸಲ್ ಕಾರುಗಳ ಚರಿತ್ರೆಯನ್ನು ಇಂಜಿನ್ನಿನ ಗಾತ್ರ, ಕುದುರೆಶಕ್ತಿ, ಕಂಪನಿಗಳ ಪೈಪೋಟಿ ಎಂದು ಬರೆಯುವುದು ವಾಡಿಕೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಸುರಂಗಗಳ ಚರಿತ್ರೆ. ಏಕೆಂದರೆ ಇವನ್ನು ತಿದ್ದಿದವರಲ್ಲಿ ಹೆಚ್ಚಿನವರು ಕಾರ್ ಕಂಪನಿಯವರಲ್ಲ, ಹೊರಗಿನವರು. ಹೊರಗಿನವರಿಗೆ ಆ ಅವಕಾಶ ಹೇಗೆ ಸಿಕ್ಕಿತು ಎಂಬುದು ಈ ಲೇಖನದ ವಿಷಯ.

ವಲಸಿಗನ ಹೆಡ್

ಕಥೆಯನ್ನು ಒಬ್ಬ ವಲಸಿಗನಿಂದ ಶುರು ಮಾಡಬಹುದು. ಜೋರಾ ಆರ್ಕಸ್-ಡಂಟೋವ್ 1909ರಲ್ಲಿ ಬ್ರಸೆಲ್ಸ್‌ನಲ್ಲಿ ರಷ್ಯನ್ ತಂದೆತಾಯಿಗೆ ಹುಟ್ಟಿದವರು. ಓದಿದ್ದು ಬರ್ಲಿನ್ನಿನಲ್ಲಿ. ಯುದ್ಧದಿಂದ ತಪ್ಪಿಸಿಕೊಂಡು ಬಂದು ಸೇರಿದ್ದು ನ್ಯೂಯಾರ್ಕ್. ಅಲ್ಲಿ ತಮ್ಮ ಯೂರಾ ಜೊತೆ ಸೇರಿ ಒಂದು ಕಾರ್ಖಾನೆ ನಡೆಸಿದರು. ಮನೆತನದ ಹೆಸರಿನ ಎರಡು ತುಂಡು ಸೇರಿಸಿ 'ಆರ್ಡನ್' ಎಂದು ಹೆಸರಿಟ್ಟರು.

ಆಗ ಅಮೆರಿಕದ ರಸ್ತೆ ತುಂಬ ಓಡುತ್ತಿದ್ದದ್ದು ಫೋರ್ಡ್ ಕಂಪನಿ 1932ರಲ್ಲಿ ತಂದ ಫ್ಲಾಟ್‌ಹೆಡ್ ವಿ-8. ಅಗ್ಗದ, ಗಟ್ಟಿಮುಟ್ಟಾದ ಇಂಜಿನ್. ಆದರೆ ಅದರ ವಾಲ್ವುಗಳಿದ್ದದ್ದು ಹೆಡ್ಡಿನಲ್ಲಲ್ಲ, ಕೆಳಗೆ ಬ್ಲಾಕಿನಲ್ಲಿ. ಗಾಳಿ ಕೆಳಗಿನಿಂದ ಮೇಲೆ ಬಂದು, ಪಕ್ಕಕ್ಕೆ ತಿರುಗಿ, ಮತ್ತೆ ಕೆಳಗಿಳಿಯಬೇಕಿತ್ತು. ಸುಡುವ ಹೊಗೆ ಬ್ಲಾಕಿನೊಳಗೇ ಹಾದು ಹೊರಬೀಳುತ್ತಿತ್ತು. ಹಾಗಾಗಿ ಭಾರ ಹೊತ್ತ ಲಾರಿಗಳಲ್ಲಿ ಇಂಜಿನ್ ಕುದಿಯುವುದು ಮಾಮೂಲು. ಡಂಟೋವ್ ಸಹೋದರರು 1947ರ ಹೊತ್ತಿಗೆ ಅದಕ್ಕೆ ಅಲ್ಯೂಮಿನಿಯಂ ಹೆಡ್ ಮಾಡಿದರು. ವಾಲ್ವುಗಳನ್ನು ಮೇಲಕ್ಕೆ ತಂದು, ದಹನಕೋಣೆಯನ್ನು ಅರ್ಧಗೋಳದ ಆಕಾರಕ್ಕೆ ತಂದರು. ಬ್ಲಾಕು ಫೋರ್ಡಿನದೇ, ಬೋಲ್ಟಿನ ತೂತುಗಳೂ ಅವೇ. ಲಾರಿಯವರು ಹೆಚ್ಚಾಗಿ ಕೊಳ್ಳಲಿಲ್ಲ, ಹಾಟ್‌ರಾಡ್ ಹುಡುಗರು ಕೊಂಡರು. ಹಳೆಯ ಫೋರ್ಡನ್ನು ಬಿಚ್ಚಿ ಹಗುರ ಮಾಡಿ ಉಪ್ಪಿನ ಬಯಲಿನಲ್ಲಿ ಓಡಿಸುತ್ತಿದ್ದ ಆ ಹುಡುಗರಿಗೆ ಬೇಕಾಗಿದ್ದೇ ಇದು.

ಆರ್ಡನ್ ವ್ಯಾಪಾರವಾಗಿ ನಿಲ್ಲಲಿಲ್ಲ. 1953ರಲ್ಲಿ ಡಂಟೋವ್ ಜನರಲ್ ಮೋಟರ್ಸ್ ಸೇರಿದರು. ಅದೇ ಡಿಸೆಂಬರಿನಲ್ಲಿ ಮೇಲಧಿಕಾರಿಗೆ ಒಂದು ಪತ್ರ ಬರೆದರು. ಆ ಪತ್ರ ಈಗ ಕಾರು ಚರಿತ್ರಕಾರರಿಗೆಲ್ಲ ಪರಿಚಿತ. ಅದರ ಸಾರ ಇಷ್ಟು: ಹಾಟ್‌ರಾಡ್ ಮಾಡುವ ಹುಡುಗರೆಲ್ಲ ಫೋರ್ಡ್ ಹಿಂದೆ ಇದ್ದಾರೆ. ನಾವು ಒಳ್ಳೆಯ ಇಂಜಿನ್ ತಂದರೂ ಅವರು ತಟ್ಟನೆ ಬರುವುದಿಲ್ಲ. ಬರಬೇಕಾದರೆ ಅದನ್ನು ತಿದ್ದಲು ಬೇಕಾದ ಭಾಗಗಳನ್ನು ನಾವೇ ಸಿದ್ಧಮಾಡಿ ಅವರ ಕೈಗೆ ಕೊಡಬೇಕು. ಗಿರಾಕಿ ನಮ್ಮ ಮಾಲನ್ನು ಬಿಚ್ಚುತ್ತಾನೆ ಎಂದು ಹೆದರುವ ಬದಲು, ಬಿಚ್ಚಲಿ ಎಂದು ಸಲಹೆ ಕೊಟ್ಟ ಕಂಪನಿ ನೌಕರರು ಎಷ್ಟು ಜನ ಇದ್ದಾರು?

1955ರ ಒಪ್ಪಂದ

ಪತ್ರ ಬರೆದ ಎರಡನೇ ವರ್ಷಕ್ಕೆ ಆ ಇಂಜಿನ್ ಬಂತು. ಎಡ್ ಕೋಲ್ ಮುಂದಾಳತ್ವದಲ್ಲಿ ತಯಾರಾದ ಶೆವ್ರೊಲೆ ಸ್ಮಾಲ್ ಬ್ಲಾಕ್. 1955ರಲ್ಲಿ ಅದರ ಗಾತ್ರ 265 ಘನ ಇಂಚು. ಆಮೇಲೆ 283, 327, 350 ಎಂದು ಬೆಳೆಯಿತು. ಗಾತ್ರ ಬೆಳೆದರೂ ಎರಡು ಸಿಲಿಂಡರುಗಳ ನಡುವಿನ ಅಂತರ 4.4 ಇಂಚೇ ಉಳಿಯಿತು. ಪ್ರತಿ ಹೆಡ್ಡನ್ನು ಬಿಗಿಯುವ 17 ಬೋಲ್ಟುಗಳ ಜಾಗವೂ ಬದಲಾಗಲಿಲ್ಲ.

ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದರ ಮಹತ್ವ ಬೇಗ ಹೊಳೆಯುತ್ತದೆ. ಎರಡು ಭಾಗ ಸೇರುವ ಜಾಗದ ಕರಾರು ಬದಲಾಗದಿದ್ದರೆ, ಆಚೆ ಬದಿಯಲ್ಲಿ ಯಾರು ಬೇಕಾದರೂ ತಮ್ಮದನ್ನು ತಂದು ಜೋಡಿಸಬಹುದು. ಕಂಪನಿಯ ಅನುಮತಿ ಬೇಡ. ಈ 17 ಬೋಲ್ಟುಗಳು ಅಂಥ ಕರಾರು. ಉದಾರತೆಯಿಂದ ಮಾಡಿದ್ದಲ್ಲ. ಅಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಿಸುವಾಗ ಯಂತ್ರಗಳನ್ನು ಪದೇಪದೇ ಬದಲಿಸುವುದು ದುಬಾರಿ ಎಂಬ ಕಾರಣಕ್ಕೆ ಉಳಿದುಕೊಂಡದ್ದು.

ಆ ಹೆಡ್ಡಿನಲ್ಲಿ ದೋಷಗಳಿರಲಿಲ್ಲ ಎಂದಲ್ಲ. ವಾಲ್ವ್ ಎತ್ತುವ ಪುಶ್‌ರಾಡ್ ಎಂಬ ಸಲಾಕೆಗಳು ಇನ್‌ಟೇಕ್ ಪೋರ್ಟಿನ ಪಕ್ಕದಲ್ಲೇ ಹಾದುಹೋಗುತ್ತವೆ. ಅಲ್ಲಿ ಪೋರ್ಟು ಸೊಂಟ ಹಿಂಡಿದಂತೆ ಕಿರಿದಾಗುತ್ತದೆ. ನಡುವಿನ ಎರಡು ಸಿಲಿಂಡರುಗಳ ಎಕ್ಸಾಸ್ಟ್ ಪೋರ್ಟುಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಆ ಜಾಗ ವಿಪರೀತ ಕಾಯುತ್ತದೆ. ವಾಲ್ವುಗಳು 23 ಡಿಗ್ರಿ ಓರೆ. ಪೋರ್ಟು ತಗ್ಗಿನಲ್ಲಿ ಬರುವುದರಿಂದ ವಾಲ್ವಿನ ಹತ್ತಿರ ಗಾಳಿ ಕಡಿದಾದ ತಿರುವು ತೆಗೆದುಕೊಳ್ಳಬೇಕು. 1955ರ ಕುಟುಂಬದ ಕಾರಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ನಿಮಿಷಕ್ಕೆ 6000 ಸುತ್ತು ತಿರುಗಿಸಹೊರಟವನಿಗೆ ಎಲ್ಲವೂ ಲೆಕ್ಕಕ್ಕಿತ್ತು.

ಹಿಂಬಾಗಿಲು

1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನಲ್ಲಿ 389 ಘನ ಇಂಚಿನ ದೊಡ್ಡ ಇಂಜಿನ್ ಕೂರಿಸಿ ಜಿಟಿಓ ಎಂದು ಮಾರಿತು. ಮಧ್ಯಮ ಕಾರಿಗೆ ಅಷ್ಟು ದೊಡ್ಡ ಇಂಜಿನ್ ಹಾಕಬಾರದೆಂದು ಜನರಲ್ ಮೋಟರ್ಸಿನದೇ ನಿಯಮವಿತ್ತು. ಅದಕ್ಕೇ ಜಿಟಿಓ ಬೇರೆ ಕಾರಲ್ಲ, ಗಿರಾಕಿ ಬೇಕಾದರೆ ಆರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ ಎಂದು ತೋರಿಸಿದರು. ಮಸಲ್ ಕಾರುಗಳ ಯುಗ ಅಲ್ಲಿಂದ ಶುರು ಎನ್ನುವುದು ರೂಢಿ. ಅದೇ ವರ್ಷದ ಫೆಬ್ರವರಿಯಲ್ಲಿ ಕ್ರೈಸ್ಲರ್‌ನ 426 ಹೆಮಿ ಇಂಜಿನ್ ಡೇಟೋನಾ 500 ಓಟದ ಮೊದಲ ಮೂರು ಸ್ಥಾನಗಳನ್ನೂ ಬಾಚಿಕೊಂಡಿತು. ಮೊದಲು ಬಂದವರು ರಿಚರ್ಡ್ ಪೆಟ್ಟಿ. ಅರ್ಧಗೋಳದ ಕೋಣೆಯಲ್ಲಿ ದೊಡ್ಡ ವಾಲ್ವುಗಳನ್ನು ಎದುರುಬದುರು ಇಟ್ಟು ಗಾಳಿಗೆ ನೇರ ದಾರಿ ಮಾಡಿದ್ದೇ ಅದರ ಗುಟ್ಟು. ಆರ್ಡನ್ ಹೆಡ್ಡಿನದೂ ಅದೇ ಆಕಾರ ಎಂಬುದನ್ನು ನೆನಪಿಡಿ.

ಇದರ ನಡುವೆ ಒಂದು ವಿಚಿತ್ರ ಸಂಗತಿ. 1957ರಲ್ಲಿ ಅಮೆರಿಕದ ಕಾರು ತಯಾರಕರ ಸಂಘ ರೇಸಿನಿಂದ ದೂರವಿರುವ ನಿರ್ಣಯ ಮಾಡಿತು. 1963ರ ಆರಂಭದಲ್ಲಿ ಜನರಲ್ ಮೋಟರ್ಸ್ ಇನ್ನೂ ಬಿಗಿಯಾಗಿ, ತನ್ನ ವಿಭಾಗಗಳೆಲ್ಲ ರೇಸ್ ನಿಲ್ಲಿಸಬೇಕೆಂದಿತು. ಮುಂಬಾಗಿಲು ಮುಚ್ಚಿದಾಗ ಹಿಂಬಾಗಿಲು ತೆರೆಯಿತು. ಡೇಟೋನಾ ಬೀಚಿನ ಸ್ಮೋಕಿ ಯೂನಿಕ್‌ರಂಥ ಗ್ಯಾರೇಜಿನವರಿಗೆ ಕಂಪನಿಯ ಇಂಜಿನಿಯರುಗಳು ಸದ್ದಿಲ್ಲದೆ ಭಾಗಗಳನ್ನೂ ಮಾಹಿತಿಯನ್ನೂ ತಲುಪಿಸತೊಡಗಿದರು. ಕಾರ್ಖಾನೆಯೊಳಗೆ ನಡೆಯಬೇಕಿದ್ದ ಪ್ರಯೋಗ ಗ್ಯಾರೇಜುಗಳಿಗೆ ವರ್ಗವಾಯಿತು. ಹೆಡ್ಡಿನೊಳಗೆ ಗಾಳಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ತಿಳಿವಳಿಕೆ ಹೊರಗಿನವರ ಕೈಯಲ್ಲಿ ಬೆಳೆದದ್ದಕ್ಕೆ ಈ ನಿಷೇಧವೂ ಒಂದು ಕಾರಣ.

ಅಳೆದು ನೋಡಿದವರು

ಆದರೆ ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ. ಪೋರ್ಟನ್ನು ಉಜ್ಜಿ ಅಗಲ ಮಾಡಿದ್ದು ಒಳ್ಳೆಯದಾಯಿತೋ ಕೆಟ್ಟಿತೋ ಎಂದು ತಿಳಿಯುವುದು ಹೇಗೆ? ಇಂಜಿನ್ ಪೂರ್ತಿ ಜೋಡಿಸಿ, ಓಡಿಸಿ, ಮತ್ತೆ ಬಿಚ್ಚಬೇಕು. ಅದಕ್ಕೆ ಉಪಾಯ ಕಂಡವರಲ್ಲಿ ಮೊದಲಿಗರು ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್. 1920ರ ದಶಕದಲ್ಲೇ ಅವರು ಹೆಡ್ಡನ್ನು ಮಾತ್ರ ಒಂದು ಸಾಧನಕ್ಕೆ ಸಿಕ್ಕಿಸಿ, ಅದರ ಮೂಲಕ ಗಾಳಿ ಹಾಯಿಸಿ ಎಷ್ಟು ಹರಿಯುತ್ತದೆ ಎಂದು ಅಳೆಯತೊಡಗಿದರು. ಇದೇ ಫ್ಲೋ ಬೆಂಚ್. 1948ರ ಜಾಗ್ವಾರ್ ಎಕ್ಸ್‌ಕೆ ಇಂಜಿನ್ನಿನ ಹೆಡ್ಡಿನಲ್ಲಿ ಅವರ ಕೈವಾಡವಿತ್ತು.

ಅವರ ಹೆಸರು ಕೇಳದಿದ್ದರೂ ನೀವು ಅವರ ಕೆಲಸದ ಮೇಲೆ ಕೂತು ಪ್ರಯಾಣ ಮಾಡಿರುತ್ತೀರಿ. ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಟ್ಟಲೆ ಇದ್ದ 1489 ಸಿಸಿಯ ಬಿ-ಸೀರೀಸ್ ಪೆಟ್ರೋಲ್ ಇಂಜಿನ್ನಿನ ದಹನಕೋಣೆ ಹೃದಯದ ಆಕಾರದ್ದು. ಅದು ವೆಸ್ಲೇಕ್ ವಿನ್ಯಾಸ. ಆದರೆ ಆ ಇಂಜಿನ್ನಿನಲ್ಲಿ ನಾಲ್ಕು ಸಿಲಿಂಡರಿಗೆ ಇದ್ದದ್ದು ಎರಡೇ ಇನ್‌ಟೇಕ್ ಪೋರ್ಟು. ಇಬ್ಬರು ಒಂದೇ ಮೂಗಿನಲ್ಲಿ ಉಸಿರಾಡಿದ ಹಾಗೆ. ಘಾಟಿ ಏರುವಾಗ ಅಂಬಾಸಿಡರ್ ಏಕೆ ಅಷ್ಟು ಏದುಸಿರು ಬಿಡುತ್ತಿತ್ತು ಎನ್ನುವುದಕ್ಕೆ ಕಾರಿನ ತೂಕದ ಜೊತೆ ಇದನ್ನೂ ಸೇರಿಸಿಕೊಳ್ಳಬಹುದು.

ಫ್ಲೋ ಬೆಂಚಿನ ತತ್ವ ಬಹಳ ಸರಳ. ಎಂಜಿನಿಯರಿಂಗ್ ಓದಿದ ಹಲವರು ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಆರಿಫೈಸ್ ಮೀಟರ್ ಪ್ರಯೋಗ ಮಾಡಿರುತ್ತಾರೆ. ಎಂಟೆಕ್‌ನಲ್ಲಿ ನಾನು ಇಡೀ ಸೆಮಿಸ್ಟರ್ ಮ್ಯಾನೋಮೀಟರಿನ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಓದುತ್ತ ಕಳೆದಿದ್ದೇನೆ. ಇದೂ ಅದೇ. ಒಂದು ಬ್ಲೋವರ್ ಹೆಡ್ಡಿನ ಮೂಲಕ ಗಾಳಿ ಎಳೆಯುತ್ತದೆ. ಹೆಡ್ಡಿನ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ಒಂದು ನಿಶ್ಚಿತ ಮಟ್ಟದಲ್ಲಿ ಹಿಡಿದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಅಂದರೆ ಎಷ್ಟು ಸಿಎಫ್‌ಎಂ, ಎಂದು ನೋಡುತ್ತಾರೆ. ಆ ಮಟ್ಟ ಈಗ ಅಮೆರಿಕದಲ್ಲಿ ಸಾಮಾನ್ಯವಾಗಿ 28 ಇಂಚು ನೀರಿನ ಒತ್ತಡ. ಹಿಂದೆ 10 ಇಂಚಿನಲ್ಲಿ ಅಳೆಯುತ್ತಿದ್ದವರೂ ಇದ್ದರು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ ಒಂದೇ ಹೆಡ್ 28 ಇಂಚಿನಲ್ಲಿ 1.67 ಪಟ್ಟು ಹೆಚ್ಚು ಅಂಕಿ ತೋರಿಸುತ್ತದೆ. ಒತ್ತಡ ಹೇಳದೆ ಬರೀ ಸಿಎಫ್‌ಎಂ ಹೇಳಿದರೆ ಅರ್ಥವಿಲ್ಲ.

ಅಳತೆಯ ಫಲ ಜಗತ್ತಿಗೆ ಕಂಡದ್ದು ಫ್ರಾನ್ಸಿನಲ್ಲಿ. ಅಮೆರಿಕದ ರೇಸ್ ಚಾಲಕ ಡ್ಯಾನ್ ಗರ್ನಿ ವೆಸ್ಲೇಕ್ ಜೊತೆ ಸೇರಿ ಫೋರ್ಡಿನ ಸಣ್ಣ ವಿ-8ಗೆ ಹೊಸ ಅಲ್ಯೂಮಿನಿಯಂ ಹೆಡ್ ಮಾಡಿಸಿದ್ದರು. 1968ರಲ್ಲಿ ಲೆ ಮಾನ್ 24 ಗಂಟೆಗಳ ಓಟದಲ್ಲಿ ಇಂಥ ಕಾರುಗಳ ಇಂಜಿನ್ 5 ಲೀಟರ್ ದಾಟಬಾರದೆಂದು ನಿಯಮ ಬಂತು. ಅದಕ್ಕೆ ಹಿಂದಿನ ಎರಡು ವರ್ಷ ಫೋರ್ಡ್ ಗೆದ್ದಿದ್ದು 7 ಲೀಟರಿನ ದೈತ್ಯನಿಂದ. ಗಾತ್ರದ ದಾರಿ ಮುಚ್ಚಿತು, ಗಾಳಿಯ ದಾರಿ ಉಳಿಯಿತು. 4.9 ಲೀಟರಿನ ಇಂಜಿನ್ ಮೇಲೆ ಗರ್ನಿ-ವೆಸ್ಲೇಕ್ ಹೆಡ್ ಕೂತ ಫೋರ್ಡ್ ಜಿಟಿ40 ಆ ವರ್ಷವೂ ಗೆದ್ದಿತು. 1969ರಲ್ಲಿ ಅದೇ ಕಾರು ಮತ್ತೆ ಗೆದ್ದಿತು. 24 ಗಂಟೆ ಓಡಿದ ಮೇಲೆ ಗೆಲುವಿನ ಅಂತರ ಸುಮಾರು 120 ಮೀಟರ್.

ತೂತು ದೊಡ್ಡದಾದರೆ ಸಾಲದು

ಹಾಗಾದರೆ ಪೋರ್ಟನ್ನು ಆದಷ್ಟು ಅಗಲ ಮಾಡಿದರಾಯಿತಲ್ಲ ಎನ್ನಬಹುದು. ಫೋರ್ಡ್ ಕಂಪನಿಯವರೇ ಅದನ್ನು ಮಾಡಿ ನೋಡಿದರು. ಟ್ರಾನ್ಸ್-ಆಮ್ ಓಟಕ್ಕೆಂದು 1969ರಲ್ಲಿ ತಂದ ಬಾಸ್ 302 ಮಸ್ಟಾಂಗ್ ಕಾರಿಗೆ, ಮುಂದೆ ಬರಲಿದ್ದ ದೊಡ್ಡ 351 ಕ್ಲೀವ್‌ಲ್ಯಾಂಡ್ ಇಂಜಿನ್ನಿನ ಹೆಡ್ಡಿನ ವಿನ್ಯಾಸ ತೆಗೆದು ಸಣ್ಣ ಬ್ಲಾಕಿನ ಮೇಲೆ ಕೂರಿಸಿದರು. ಬೋಲ್ಟಿನ ತೂತುಗಳು ಹೊಂದಿಕೊಂಡದ್ದರಿಂದಲೇ ಅದು ಸಾಧ್ಯವಾಯಿತು. ಇನ್‌ಟೇಕ್ ವಾಲ್ವಿನ ವ್ಯಾಸ 2.23 ಇಂಚು. ಗುಹೆಯಂಥ ಪೋರ್ಟು. ರೇಸಿನಲ್ಲಿ ಸದಾ ಏಳು ಸಾವಿರ ಸುತ್ತಿನ ಸುತ್ತಮುತ್ತ ಓಡುವ ಕಾರಿಗೆ ಅದು ಒಗ್ಗಿತು; 1970ರ ಟ್ರಾನ್ಸ್-ಆಮ್ ಪಟ್ಟ ಫೋರ್ಡಿಗೇ ಸಿಕ್ಕಿತು. ಆದರೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಿಸುವವನಿಗೆ ಕೆಳಗಿನ ವೇಗದಲ್ಲಿ ಇಂಜಿನ್ ಮಂಕು. 1970ಕ್ಕೆ ಫೋರ್ಡೇ ವಾಲ್ವನ್ನು 2.19 ಇಂಚಿಗೆ ಇಳಿಸಿತು.

ಕಾರಣ ತೋಟಕ್ಕೆ ನೀರು ಹಾಯಿಸಿದ ಯಾರಿಗಾದರೂ ಅರ್ಥವಾಗುತ್ತದೆ. ಅಷ್ಟೇ ನೀರಿಗೆ ಕಾಲುವೆ ಅಗಲ ಮಾಡಿದರೆ ನೀರು ನಿಧಾನವಾಗುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ. ಪೋರ್ಟು ವಿಪರೀತ ಅಗಲವಾದರೂ ಗಾಳಿ ನಿಧಾನವಾಗುತ್ತದೆ, ಅದರಲ್ಲಿ ತೇಲಿಬರುವ ಪೆಟ್ರೋಲಿನ ಹನಿಗಳು ಗೋಡೆಗೆ ಅಂಟಿಕೊಳ್ಳುತ್ತವೆ. ವೇಗವಾಗಿ ಬರುವ ಗಾಳಿಗೆ ಇನ್ನೊಂದು ಗುಣವಿದೆ. ಪಿಸ್ಟನ್ ತಳ ಮುಟ್ಟಿ ಮೇಲೇರತೊಡಗಿದರೂ ತನ್ನ ರಭಸಕ್ಕೆ ಇನ್ನಷ್ಟು ಒಳನುಗ್ಗುತ್ತದೆ. ನಿಧಾನದ ಗಾಳಿಗೆ ಆ ರಭಸವಿಲ್ಲ.

ವಾಲ್ವಿಗೂ ಒಂದು ಮಿತಿಯಿದೆ. ವಾಲ್ವ್ ತೆರೆದಾಗ ಅದರ ಸುತ್ತ ಪರದೆಯಂತೆ ಒಂದು ಜಾಗ ತೆರೆದುಕೊಳ್ಳುತ್ತದೆ. ವಾಲ್ವ್ ಎಷ್ಟು ಕೆಳಗಿಳಿದಾಗ ಆ ಪರದೆಯ ವಿಸ್ತೀರ್ಣ ವಾಲ್ವಿನ ವೃತ್ತದ ವಿಸ್ತೀರ್ಣಕ್ಕೆ ಸಮವಾಗುತ್ತದೆ? ವ್ಯಾಸದ ಕಾಲುಭಾಗ ಇಳಿದಾಗ. 2.02 ಇಂಚಿನ ವಾಲ್ವಿಗೆ ಅದು 0.505 ಇಂಚು. ಅದಕ್ಕಿಂತ ಆಚೆ ಎಷ್ಟು ತೆರೆದರೂ ತಡೆ ಇರುವುದು ವಾಲ್ವಿನಲ್ಲಲ್ಲ, ಅದರ ಹಿಂದಿನ ತಿರುವಿನಲ್ಲಿ. ಆ ತಿರುವಿನ ಒಳಮಗ್ಗುಲನ್ನು ಅಲ್ಲಿನವರು 'ಶಾರ್ಟ್ ಸೈಡ್' ಎನ್ನುತ್ತಾರೆ. ವೇಗವಾಗಿ ಬಂದ ಗಾಳಿ ಅಲ್ಲಿ ಗೋಡೆಯನ್ನು ಅಂಟಿಕೊಂಡು ತಿರುಗಲಾರದೆ ಕಿತ್ತುಕೊಂಡು ಹೋಗುತ್ತದೆ, ಸುಳಿ ಏಳುತ್ತದೆ. ಪೋರ್ಟಿನ ಉದ್ದಕ್ಕೂ ಕಿಲೋಗಟ್ಟಲೆ ಕಬ್ಬಿಣ ಕೆತ್ತಿ ತೆಗೆದರೂ ಆಗದ ಲಾಭ, ಶಾರ್ಟ್ ಸೈಡಿನಲ್ಲಿ ಹೆಬ್ಬೆಟ್ಟಿನಷ್ಟು ಜಾಗವನ್ನು ಸರಿಯಾಗಿ ಗುಂಡಗೆ ಮಾಡಿದರೆ ಆಗುತ್ತದೆ. ವಾಲ್ವ್ ಕೂರುವ ಜಾಗವನ್ನು ಒಂದೇ ಕೋನದಲ್ಲಿ ಕತ್ತರಿಸುವ ಬದಲು 30, 45, 60 ಡಿಗ್ರಿ ಎಂದು ಮೂರು ಹಂತದಲ್ಲಿ ಕತ್ತರಿಸಿದರೆ ಗಾಳಿ ಜಾರಿಕೊಂಡು ಹೋಗುತ್ತದೆ.

ಬೆರಳಿನ ಕೆಲಸ

2011ರಲ್ಲಿ ಪ್ರಾಜೆಕ್ಟ್ ನಿಮಿತ್ತ ಕೆಲವು ತಿಂಗಳು ಮಿಶಿಗನ್ನಿನಲ್ಲಿದ್ದೆ. ಅಲ್ಲಿ ಪ್ರತಿ ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ. ಡೆಟ್ರಾಯಿಟಿನ ಆಚೆಗಿನ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಜಾತ್ರೆ. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಜನ ಕೂತಿರುತ್ತಾರೆ. ಒಂದು ಪಾರ್ಕಿಂಗ್ ಜಾಗದಲ್ಲಿ ಬಾನೆಟ್ ತೆರೆದಿಟ್ಟಿದ್ದ 1969ರ ಕಮಾರೋ ಪಕ್ಕ ಎಪ್ಪತ್ತು ದಾಟಿದ ಹಿರಿಯರೊಬ್ಬರು ಇದ್ದರು. ಯಾವುದೋ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದವರು. ಇಂಜಿನ್ ಬಗ್ಗೆ ಒಂದೆರಡು ಪ್ರಶ್ನೆ ಕೇಳಿದ್ದೇ ತಡ, ಕಾರಿನ ಡಿಕ್ಕಿಯಿಂದ ಹಳೆಯ ಕಬ್ಬಿಣದ ಹೆಡ್ಡೊಂದನ್ನು ಎಳೆದು ನೆಲಕ್ಕಿಟ್ಟರು. ಬದಿಯಲ್ಲಿ ಒಂಟೆಯ ಡುಬ್ಬದಂಥ ಎರಡು ಗುರುತು ಇರುವ, 60ರ ದಶಕದಲ್ಲಿ ಬಹಳ ಬೇಡಿಕೆಯಿದ್ದ ಶೆವ್ರೊಲೆ ಹೆಡ್. 'ಕಣ್ಣಲ್ಲಿ ನೋಡಬೇಡ, ಬೆರಳು ಹಾಕಿ ನೋಡು' ಎಂದರು.

ಹಾಕಿದೆ. ಒಂದು ಪೋರ್ಟು ಕಾರ್ಖಾನೆಯಿಂದ ಬಂದ ಹಾಗೇ ಇತ್ತು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಒರಟು, ವಾಲ್ವಿನ ಹತ್ತಿರ ಒಂದು ಚೂಪು ಅಂಚು. ಪಕ್ಕದ್ದು ಅವರು ತಿದ್ದಿದ್ದು. ಅಂಚೇ ಇಲ್ಲ, ಬೆರಳು ತಾನಾಗಿ ತಿರುಗಿ ವಾಲ್ವಿನ ಬಾಯಿಗೆ ಇಳಿಯಿತು. ಆದರೆ ಕನ್ನಡಿಯಂತೆ ನುಣುಪಾಗಿರಲಿಲ್ಲ. ಏಕೆಂದು ಕೇಳಿದೆ. ಇನ್‌ಟೇಕ್ ಬದಿಯನ್ನು ಹೊಳೆಯುವಂತೆ ಮಾಡಬಾರದು, ಸ್ವಲ್ಪ ತರಿತರಿ ಇದ್ದರೆ ಪೆಟ್ರೋಲು ಹನಿಗಟ್ಟಿ ಹರಿಯುವುದಿಲ್ಲ ಎಂದರು. ಹೊಳಪು ಬಯಸುವುದು ಕೊಳ್ಳುವವರು ಮಾತ್ರವಂತೆ. ಒಂದು ಜೊತೆ ಹೆಡ್ ಮುಗಿಸಲು ಡ್ಯೂಟಿ ಮುಗಿದ ಮೇಲಿನ ಒಂದು ತಿಂಗಳ ಸಂಜೆಗಳು ಬೇಕಾಗುತ್ತಿದ್ದವು. ಕಷ್ಟವಾಗುತ್ತಿದ್ದದ್ದು ಒಂದು ಪೋರ್ಟನ್ನು ಚೆನ್ನಾಗಿ ಮಾಡುವುದಲ್ಲ, ಎಂಟನ್ನೂ ಒಂದೇ ತರ ಮಾಡುವುದು. ಎರಕ ಹೊಯ್ಯುವಾಗ ಮರಳಿನ ಗಟ್ಟಿ ಕೂದಲೆಳೆ ಸರಿದರೂ ಒಂದು ಪೋರ್ಟಿನ ಗೋಡೆ ದಪ್ಪ, ಇನ್ನೊಂದರದು ತೆಳು. ತೆಳುವಿನ ಕಡೆ ಕೈ ಒಂದಿಷ್ಟು ಜಾರಿದರೆ ನೀರಿನ ದಾರಿಗೆ ತೂತು ಬಿದ್ದು ತಿಂಗಳ ಕೆಲಸ ಗುಜರಿಗೆ.

ದೊಡ್ಡವರು ಬಿಟ್ಟ ಜಾಗ

ಮಸಲ್ ಕಾರುಗಳ ಯುಗ ಹತ್ತು ವರ್ಷವೂ ಬಾಳಲಿಲ್ಲ. 1970ರಲ್ಲಿ ಶುದ್ಧ ಗಾಳಿಯ ಕಾನೂನು ಬಿಗಿಯಾಯಿತು. 1971ಕ್ಕೆ ಜನರಲ್ ಮೋಟರ್ಸ್ ತನ್ನ ಇಂಜಿನ್ನುಗಳ ಕಂಪ್ರೆಶನ್ ಇಳಿಸಿತು. 1972ರಿಂದ ಕುದುರೆಶಕ್ತಿ ಅಳೆಯುವ ಕ್ರಮವೇ ಬದಲಾಗಿ, ಬರೀ ಇಂಜಿನ್ನಿನ ಬದಲು ಸೈಲೆನ್ಸರ್, ಫ್ಯಾನ್ ಎಲ್ಲ ಸೇರಿಸಿದ ಅಂಕಿ ಕೊಡತೊಡಗಿದರು. 1973ರಲ್ಲಿ ತೈಲ ಬಿಕ್ಕಟ್ಟು. 1975ರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್. 1970ರಲ್ಲಿ ಎಲ್‌ಟಿ-1 ಕಾರ್ವೆಟ್ಟಿನ 350 ಘನ ಇಂಚಿನ ಇಂಜಿನ್‌ಗೆ 370 ಕುದುರೆಶಕ್ತಿ ಎಂದಿದ್ದರು. 1975ರ ಮೂಲ ಕಾರ್ವೆಟ್ಟಿನಲ್ಲಿ ಅದೇ ಗಾತ್ರದ ಇಂಜಿನ್‌ಗೆ 165. ಅಳತೆಯ ಕ್ರಮ ಬದಲಾದದ್ದನ್ನು ಕಳೆದರೂ ಇದು ದೊಡ್ಡ ಕುಸಿತ. ಅದರ ಬದಲಿಗೆ ಊರುಗಳ ಗಾಳಿ ಉಸಿರಾಡುವಂತಾಯಿತು ಎನ್ನುವುದನ್ನೂ ಮರೆಯಬಾರದು. ಈ ಕಾರುಗಳ ಅಭಿಮಾನಿಗಳು ಆ ಕಾನೂನನ್ನು ಬೈಯುವುದನ್ನು ಕೇಳಿದ್ದೇನೆ, ನನಗೆ ಹಾಗನ್ನಿಸುವುದಿಲ್ಲ.

ಕಂಪನಿಗಳು ಹಿಂದೆ ಸರಿದರೂ ಲಕ್ಷಗಟ್ಟಲೆ ಇಂಜಿನ್ನುಗಳು ಊರೂರಲ್ಲಿ ಉಳಿದಿದ್ದವು. ಅವುಗಳ ಬ್ಲಾಕು ಗಟ್ಟಿಯಾಗಿತ್ತು, 17 ಬೋಲ್ಟುಗಳು ಅಲ್ಲೇ ಇದ್ದವು. ಹೊರಗಿನ ಹೆಡ್ ತಯಾರಕರು ಬೆಳೆದದ್ದು ಈ ಬಿಟ್ಟ ಜಾಗದಲ್ಲಿ. ಏರ್ ಫ್ಲೋ ರಿಸರ್ಚ್ ಶುರುವಾದದ್ದು 1970ರಲ್ಲಿ. ಅರ್ಕನ್ಸಾ ರಾಜ್ಯದ ಮೀನಾ ಎಂಬ ಸಣ್ಣ ಊರಿನಿಂದ ಬ್ರೋಡಿಕ್ಸ್ ಬಂತು. 80ರ ದಶಕದ ಆರಂಭದಲ್ಲಿ ಡಾರ್ಟ್ ಬಂತು. 1938ರಿಂದ ಇನ್‌ಟೇಕ್ ಮ್ಯಾನಿಫೋಲ್ಡ್ ಮಾಡುತ್ತಿದ್ದ ಎಡೆಲ್‌ಬ್ರಾಕ್ ಕೂಡ ಹೆಡ್ಡಿಗೆ ಇಳಿಯಿತು. 70ರ ದಶಕದಲ್ಲಿ ಸೂಪರ್‌ಫ್ಲೋ ಕಂಪನಿ ಸಣ್ಣ ಗ್ಯಾರೇಜು ಕೊಳ್ಳಬಹುದಾದ ಫ್ಲೋ ಬೆಂಚನ್ನು ಮಾರುಕಟ್ಟೆಗೆ ತಂದದ್ದು ದೊಡ್ಡ ತಿರುವು. ಅಲ್ಲಿಯವರೆಗೆ ಕೆಲವರ ಗುಟ್ಟಾಗಿದ್ದ ಅಳತೆ ಬೀದಿಗೆ ಬಂತು.

ಈ ಹೆಡ್ಡುಗಳಿಗೆ ಗಾಳಿಯದಲ್ಲದ ಇನ್ನೊಂದು ಕಾರಣದಿಂದಲೂ ಗಿರಾಕಿ ಸಿಕ್ಕಿತು. ಹಳೆಯ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಸೀಸ ಹೋದಮೇಲೆ ಹಳೆಯ ಕಬ್ಬಿಣದ ಹೆಡ್ಡುಗಳು ಸವೆಯತೊಡಗಿದವು. ಹೊಸ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಗಟ್ಟಿ ಉಕ್ಕಿನ ಬಳೆಗಳನ್ನು ಕೂರಿಸಿರುತ್ತಾರೆ, ತೂಕವೂ ಹೆಚ್ಚುಕಡಿಮೆ ಅರ್ಧ. ಹಾಗಂತ ಯಾರು ಏನನ್ನಾದರೂ ಜೋಡಿಸಿ ರಸ್ತೆಗಿಳಿಯಬಹುದು ಎಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ನಿಯಮಕ್ಕೆ ಒಳಪಟ್ಟ ಕಾರಿಗೆ ಇಂಥ ಭಾಗ ಹಾಕಬೇಕಾದರೆ ಅದು ಮಾಲಿನ್ಯ ಹೆಚ್ಚಿಸುವುದಿಲ್ಲವೆಂದು ತಯಾರಕ ತೋರಿಸಿ ಸರ್ಕಾರದ ಆದೇಶ ಪಡೆದಿರಬೇಕು. ತಿದ್ದುವ ಸ್ವಾತಂತ್ರ್ಯ, ಪಕ್ಕದ ಮನೆಯವನ ಶ್ವಾಸಕೋಶ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ವ್ಯವಸ್ಥೆ ಇದು.

ಅಂಕಿಯ ಮೋಹ

ಮುಂದೆ ಕಂಪ್ಯೂಟರ್ ಬಂತು. ನುರಿತವನೊಬ್ಬ ಕೈಯಲ್ಲಿ ತಿದ್ದಿದ ಒಂದು ಪೋರ್ಟಿನೊಳಗೆ ಅಳತೆಯ ಕಡ್ಡಿ ಆಡಿಸಿ ಅದರ ಆಕಾರವನ್ನು ಅಂಕಿಗಳಾಗಿ ಬರೆದುಕೊಂಡರು. ಆಮೇಲೆ ಐದು ದಿಕ್ಕಿನಲ್ಲಿ ಚಲಿಸುವ ಸಿಎನ್‌ಸಿ ಯಂತ್ರ ಅದೇ ಆಕಾರವನ್ನು ಎಂಟೂ ಪೋರ್ಟುಗಳಲ್ಲಿ, ಸಾವಿರಾರು ಹೆಡ್ಡುಗಳಲ್ಲಿ ಕೆತ್ತಿತು. ವುಡ್‌ವರ್ಡಿನ ಆ ಹಿರಿಯರು ತಿಂಗಳಿಡೀ ಹೆಣಗಿದ 'ಎಂಟನ್ನೂ ಒಂದೇ ತರ' ಮಾಡುವ ಕೆಲಸ ಯಂತ್ರಕ್ಕೆ ಸುಲಭದ್ದು. ಒಂದು ಪೋರ್ಟನ್ನು ಕಂಡುಹಿಡಿಯುವುದು ಮಾತ್ರ ಮನುಷ್ಯನ ಪಾಲಿಗೆ ಉಳಿಯಿತು. ನೂರು ಜನರ ಸಂಜೆಯ ಸಂಪಾದನೆ ಹೋಗಿ ಒಬ್ಬನ ಕೈಚಳಕ ನೂರು ಪಟ್ಟಾಯಿತು. ಇಬ್ಬರು ಕಲಿತ ಕೆಲಸವನ್ನು ಮೂರನೆಯವನಿಗೆ ಸ್ಕ್ರಿಪ್ಟ್ ಮಾಡಿಕೊಡುವುದೇ ಕಸುಬಾಗಿರುವ ನಮ್ಮ ಕ್ಷೇತ್ರದವರು ಇದನ್ನು ಸುಮ್ಮನೆ 'ಪ್ರಗತಿ' ಎಂದು ದಾಟಿಹೋಗುವಂತಿಲ್ಲ.

ಅಂಕಿಗಳು ಬೀದಿಗೆ ಬಂದದ್ದರ ಇನ್ನೊಂದು ಫಲ ಜಾಹೀರಾತು. ಇನ್‌ಟೇಕ್ ಹರಿವಿನ ಸಿಎಫ್‌ಎಂ ಅನ್ನು 0.257ರಿಂದಲೂ ಸಿಲಿಂಡರುಗಳ ಸಂಖ್ಯೆಯಿಂದಲೂ ಗುಣಿಸಿದರೆ ಆ ಹೆಡ್ ಪೋಷಿಸಬಹುದಾದ ಕುದುರೆಶಕ್ತಿ ಸಿಗುತ್ತದೆ ಎಂಬ ಒಂದು ಸ್ಥೂಲ ಸೂತ್ರವಿದೆ. 200 ಸಿಎಫ್‌ಎಂ ಹೆಡ್ಡಿಗೆ ಸುಮಾರು 411, 280ಕ್ಕೆ ಸುಮಾರು 576. ಸೂತ್ರ ಕೊಳ್ಳುವವನ ಬಾಯಿಪಾಠವಾದ ಮೇಲೆ ತಯಾರಕರು ಅತಿ ದೊಡ್ಡ ಅಂಕಿಯನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕತೊಡಗಿದರು. ವಾಲ್ವ್ 0.700 ಇಂಚು ತೆರೆದಾಗಿನ ಹರಿವು ಅದು. ಕೊಂಡವನ ಕ್ಯಾಮ್‌ಶಾಫ್ಟ್ ವಾಲ್ವನ್ನು 0.500 ಇಂಚಿಗಿಂತ ಹೆಚ್ಚು ತೆರೆಯುವುದೇ ಇಲ್ಲ. ತೆರೆಯುವ ವಾಲ್ವಾದರೂ ತುತ್ತತುದಿಯಲ್ಲಿ ನಿಲ್ಲುವುದು ಕ್ಷಣ ಮಾತ್ರ. ಏರುವಾಗ ಇಳಿಯುವಾಗ ನಡುವಿನ ಎತ್ತರಗಳನ್ನು ಎರಡೆರಡು ಬಾರಿ ದಾಟುತ್ತದೆ. ತಿಳಿದವರು ನೋಡುವುದು ಆ ನಡುವಿನ ಅಂಕಿಗಳನ್ನು. ಬೆಂಚು ನಿರಂತರ ಹರಿವನ್ನು ಅಳೆಯುತ್ತದೆ, ಇಂಜಿನ್ ಉಸಿರುಗಟ್ಟಿ ಉಸಿರು ಬಿಟ್ಟು ಓಡುತ್ತದೆ ಎಂಬುದೂ ಅವರಿಗೆ ಗೊತ್ತು. ಡ್ಯಾಶ್‌ಬೋರ್ಡಿನ ಹಸಿರು ಬಣ್ಣಕ್ಕಾಗಿ ಕೆಲಸ ಮಾಡುವ ತಂಡಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಳತೆ ಕಣ್ಣು ತೆರೆಸಿತು, ನಿಜ. ಅದೇ ಗುರಿಯಾದಾಗ ಮತ್ತೆ ಕಣ್ಣಿಗೆ ಕಟ್ಟುವ ಬಟ್ಟೆಯಾಯಿತು.

ಮರಳಿ ಕಾರ್ಖಾನೆಗೆ

ಹೊರಗೆ ಬೆಳೆದ ತಿಳಿವಳಿಕೆಯನ್ನು ಕಂಪನಿಯೂ ಕೈಗೂಡಿಸಿಕೊಂಡದ್ದು 90ರ ದಶಕದಲ್ಲಿ ಕಾಣುತ್ತದೆ. 1996ರಲ್ಲಿ ಜನರಲ್ ಮೋಟರ್ಸ್ ತನ್ನ ಪಿಕಪ್ ಲಾರಿಗಳ 350 ಇಂಜಿನ್ನಿಗೆ ವೋರ್ಟೆಕ್ ಎಂಬ ಹೆಡ್ ತಂದಿತು. ಕಬ್ಬಿಣದ್ದೇ, ಬರೀ 1.94 ಇಂಚಿನ ವಾಲ್ವ್. ಆದರೂ ಪೋರ್ಟಿನ ತಿರುವನ್ನು ಮೃದುವಾಗಿಸಿದ್ದರಿಂದ 60ರ ದಶಕದ ಆ ಡುಬ್ಬದ ಹೆಡ್ಡುಗಳನ್ನು ಅದು ಸುಲಭವಾಗಿ ಮೀರಿಸಿತು. ಸಾಮಾನು ಹೊರುವ ಲಾರಿಯ ಹೆಡ್ಡನ್ನು ಗುಜರಿಯಲ್ಲಿ ಹುಡುಕಿ ತಂದು ಹುಡುಗರು ತಮ್ಮ ಹಳೆಯ ಕಾರಿಗೆ ಕಟ್ಟಿಕೊಂಡರು. ಮರುವರ್ಷ ಬಂದ ಎಲ್‌ಎಸ್-1 ಇಂಜಿನ್ನಿನಲ್ಲಿ ವಾಲ್ವುಗಳ ಓರೆ 23ರಿಂದ 15 ಡಿಗ್ರಿಗೆ ಇಳಿಯಿತು, ಪೋರ್ಟುಗಳು ಎತ್ತರಕ್ಕೇರಿದವು, ಎಂಟೂ ಒಂದೇ ಆಕಾರಕ್ಕೆ ಬಂದವು. ಹೊರಗಿನ ಹೆಡ್ ತಯಾರಕರು ಹಳೆಯ ಬ್ಲಾಕಿನ ಮಿತಿಯೊಳಗೆ ದಶಕಗಟ್ಟಲೆ ಮಾಡಲು ಹೆಣಗಿದ್ದು ಇದನ್ನೇ. ಸಿಲಿಂಡರುಗಳ ನಡುವಿನ 4.4 ಇಂಚು ಹಾಗೇ ಉಳಿಯಿತು. 17 ಬೋಲ್ಟುಗಳ ಕರಾರು ಮಾತ್ರ ಅಲ್ಲಿಗೆ ಮುಗಿಯಿತು. ಎಲ್‌ಎಸ್ ಹೆಡ್ ಹಳೆಯ ಬ್ಲಾಕಿಗೆ ಕೂರುವುದಿಲ್ಲ.

ಈ ನಾಲ್ಕೈದು ದಶಕಗಳ ಕೆಲಸದಿಂದ ಲೋಕಕ್ಕೆ ದೊಡ್ಡ ಉಪಕಾರವಾಯಿತೆಂದು ನಾನು ಹೇಳಲಾರೆ. ಪೆಟ್ರೋಲು ಕುಡಿದು ಸದ್ದು ಮಾಡುವ ಕಾರುಗಳು ಇವು. ಆದರೆ ಒಂದು ವಸ್ತುವನ್ನು ಕೊಂಡವನು ಅದನ್ನು ಬಿಚ್ಚಿ, ಅಳೆದು, ತಯಾರಿಸಿದವನಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದು ಎನ್ನುವುದು ಇಲ್ಲಿ ಮತ್ತೆಮತ್ತೆ ನಡೆದುಹೋಗಿದೆ. ನಿರಾಶ್ರಿತನಾಗಿ ಬಂದ ಇಂಜಿನಿಯರ್, ಗ್ಯಾರೇಜಿನವರು, ಟೂಲ್‌ರೂಮಿನ ನೌಕರ ಎಲ್ಲರಿಗೂ ಅದು ಸಾಧ್ಯವಾದದ್ದು ಬಿಚ್ಚಬಹುದಾದ ಬೋಲ್ಟು, ಬದಲಾಗದ ತೂತು, ಕೈಗೆಟುಕುವ ಅಳತೆಯ ಸಾಧನ ಈ ಮೂರು ಇದ್ದದ್ದರಿಂದ. ಇಂದು ನಾವು ಕೊಳ್ಳುವ ಫೋನಿನ ಬ್ಯಾಟರಿಯನ್ನು ನಾವೇ ತೆಗೆಯಲಾಗುವುದಿಲ್ಲ. ಟ್ರ್ಯಾಕ್ಟರ್ ರಿಪೇರಿಗೆ ಕಂಪನಿಯ ಸಾಫ್ಟ್‌ವೇರ್ ಬೇಕೆಂದು ಅಮೆರಿಕದ ರೈತರು ಜಗಳವಾಡುತ್ತಿದ್ದಾರೆ. ಅಂಥ ಬೀಗಗಳ ಕೋಡು ಬರೆಯುವುದೂ ನಮ್ಮಂಥವರ ಕೆಲಸವೇ ಆಗಿರುವುದರಿಂದ, ಯಾವ ಬೋಲ್ಟನ್ನು ಬಿಚ್ಚಲು ಬರುವಂತೆ ಇಡಬೇಕು ಎಂಬ ಪ್ರಶ್ನೆ ನಮ್ಮ ಮೇಜಿನ ಮೇಲೂ ಇದೆ.

1967ರಲ್ಲಿ ಎರಕ ಹೊಯ್ದ ಒಂದು 350 ಬ್ಲಾಕು ನಿಮ್ಮಲ್ಲಿದ್ದರೆ ಅದಕ್ಕೆ ಇವತ್ತಿಗೂ ಹೊಚ್ಚಹೊಸ ಹೆಡ್ ಸಿಗುತ್ತದೆ. ಅಂಗಡಿಯಿಂದ ತಂದು, ಗ್ಯಾಸ್ಕೆಟ್ ಇಟ್ಟು, ಒಂದು ಬದಿಗೆ ಹದಿನೇಳರಂತೆ ಬೋಲ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ ಕ್ರಮವಾಗಿ ಬಿಗಿಯುತ್ತ ಬಂದರೆ ಸರಿಯಾಗಿ ಕೂರುತ್ತದೆ.